ಮನೆಮಗಳೆಂಬ ಮಾತಿನ ಮರೆಯಲ್ಲಿ

ಮೊಳಕಾಲ್ಮುರು ಕಡೆಯ ನೇಕಾರ ಗೃಹಸ್ಥರೊಬ್ಬರು ಪದವೀಧರೆಯಾದ ತಮ್ಮ ಮಗಳನ್ನು ಕರೆದುಕೊಂಡು ಈಚೆಗೆ ನಮ್ಮಲ್ಲಿಗೆ ಬಂದಿದ್ದರು. ಆಕೆ ಜರ್ಮನಿಗೆ ಹೋಗಿ, ಅಲ್ಲಿಯ ಒಂದು ಕುಟುಂಬದಲ್ಲಿ ಒಂದು ವರ್ಷವಿದ್ದು, ಅವರ ಮಕ್ಕಳನ್ನು ನೋಡಿಕೊಳ್ಳುತ್ತ ಆ ದೇಶದ ಭಾಷೆಯನ್ನು ಕಲಿಯಬೇಕೆಂದಿದ್ದಾಳೆ. ಇದಕ್ಕೆ 'ಓ ಪೇರ್' ಎಂದು ಹೆಸರು. ಮಧ್ಯವರ್ತಿಯು ಹೇಳಿದ ಮಾತನ್ನು ತಂದೆ ಸಂತೋಷದಿಂದ ನಮ್ಮ ಮುಂದಿಟ್ಟರು: "ಕೆಲಸದವಳಾಗಿ ಅಲ್ಲ ಬುದ್ಧಿ, ಮನೆಮಗಳಂತೆ ಇಟ್ಟುಕೊಳ್ಳುತ್ತಾರಂತೆ." ಜೊತೆಗೆ ಬಂದಿದ್ದ ಚಳ್ಳಕೆರೆಯ ಹಿರಿಯರೊಬ್ಬರು ಮುಖ ಸಿಂಡರಿಸಿ, "ಇಷ್ಟು ಓದಿಸಿದ್ದು ಪರರ ಮಕ್ಕಳ ಮೈ ತೊಳೆಯುವುದಕ್ಕೋ?" ಎಂದರು.

ಈ ಎರಡು ಮಾತುಗಳೂ ತಪ್ಪೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಆದರೆ ಹಿರಿಯರ ಮಾತಿಗಿಂತ ಮಧ್ಯವರ್ತಿಯ ಮಾತೇ ಹೆಚ್ಚು ಅಪಾಯಕರವಾದುದು.

ಹಿರಿಯರ ಆಕ್ಷೇಪಕ್ಕೆ ಉತ್ತರ ಕಠಿಣವಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ವೇದಿಕೆಯಿಂದ ಸಾರುವ ಸಮಾಜ ನಮ್ಮದು. ಶಿಶುವನ್ನು ಎತ್ತಿ ಸಾಕುವುದು ಹೀನವೆಂದಾದರೆ ನಮ್ಮನ್ನೆಲ್ಲ ಸಾಕಿದ ತಾಯಂದಿರು ಹೀನರೇ? ಅದೇ ಕೆಲಸವನ್ನು ನಮ್ಮ ಮನೆಯಲ್ಲಿ ಬಡವರ ಹೆಣ್ಣುಮಗಳಿಂದ ಮಾಡಿಸುವಾಗ ಕಾಣದ ಹೀನತೆ, ನಮ್ಮ ಮಗಳು ಮಾಡಹೊರಟಾಗ ಮಾತ್ರ ಕಾಣುವುದೇಕೆ? ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಈ ಎರಡು ತಾಲ್ಲೂಕುಗಳಿಂದ ಬೆಂಗಳೂರಿಗೆ ದುಡಿಯಹೋಗುವವರನ್ನು ಕಂಡು ಯಾರ ಮಾನವೂ ಹೋಗುವುದಿಲ್ಲ. ಜರ್ಮನಿಗೆ ಹೋದರೆ ಮಾತ್ರ ಹೋಗುವ ಮಾನ ಎಂತಹುದು?

ಇನ್ನು 'ಮನೆಮಗಳಂತೆ' ಎಂಬ ಮಾತನ್ನು ವಿಚಾರಶೀಲರು ಸ್ವಲ್ಪ ಬಿಡಿಸಿ ನೋಡಬೇಕು. ಮೊಳಕಾಲ್ಮುರಿನ ರೇಷ್ಮೆ ಸೀರೆ ದೇಶದಲ್ಲೆಲ್ಲ ಹೆಸರಾದುದು. ಆ ಮಗ್ಗದ ಪಕ್ಕದಲ್ಲಿ ಕುಳಿತು ಕಂಡಿಕೆ ಸುತ್ತುವ ಮಗಳ ದುಡಿಮೆ ಸೀರೆಯ ಬೆಲೆಯಲ್ಲಿ ಯಾವ ಲೆಕ್ಕಕ್ಕೆ ಸೇರುತ್ತದೆ? ಯಾವ ಲೆಕ್ಕಕ್ಕೂ ಇಲ್ಲ. ಏಕೆಂದರೆ ಆಕೆ ಮನೆಮಗಳು. ಆದರೂ ಅವಳಿಗೆ ಆ ಮನೆಯ ಮೇಲೆ ಹಕ್ಕುಂಟು. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲುಂಟು. ಕಾಯಿಲೆ ಬಿದ್ದರೆ ಆರೈಕೆಯುಂಟು. 'ಮನೆಮಗಳಂತೆ' ಇರುವವಳಿಗೆ ಇವು ಯಾವುವೂ ಇಲ್ಲ. ಮಗಳ ಕರ್ತವ್ಯಗಳೆಲ್ಲ ಅವಳಿಗೆ, ಮಗಳ ಹಕ್ಕುಗಳೊಂದೂ ಇಲ್ಲ. ಗಂಟೆ ಲೆಕ್ಕ ಕೇಳಿದರೆ "ಮನೆಯವಳಾಗಿ ಲೆಕ್ಕ ಕೇಳುವೆಯಾ?" ಎನ್ನುತ್ತಾರೆ, ಪಾಲು ಕೇಳಿದರೆ "ಕೆಲಸದವಳಾಗಿ ಪಾಲು ಕೇಳುವೆಯಾ?" ಎನ್ನುತ್ತಾರೆ.

ಇದು ಕೇವಲ ತರ್ಕವಲ್ಲ, ಚರಿತ್ರೆ. ಬ್ರಿಟಿಷರ ಕಾಲದಲ್ಲಿ ಸಮುದ್ರಯಾನದುದ್ದಕ್ಕೂ ದೊರೆಗಳ ಮಕ್ಕಳನ್ನು ನೋಡಿಕೊಳ್ಳಲೆಂದು ನಮ್ಮ ದೇಶದ ಆಯಾಗಳನ್ನು ಇಂಗ್ಲೆಂಡಿಗೆ ಕರೆದೊಯ್ಯುತ್ತಿದ್ದರು. ಮಕ್ಕಳನ್ನು ಹೆತ್ತವರಿಗಿಂತ ಹೆಚ್ಚಾಗಿ ಸಾಕಿದ ಆ ತಾಯಂದಿರಲ್ಲಿ ಎಷ್ಟೋ ಮಂದಿಯನ್ನು ದಡ ಸೇರಿದೊಡನೆ, ಮರಳುವ ಹಡಗಿನ ಚೀಟಿಯನ್ನೂ ಕೊಡದೆ, ಕೈಬಿಟ್ಟರು. ಅವರ ಆಶ್ರಯಕ್ಕಾಗಿಯೇ ಲಂಡನ್ನಿನಲ್ಲಿ 'ಆಯಾಗಳ ಮನೆ' ಎಂಬುದೊಂದು ನಡೆಯಬೇಕಾಯಿತು. ಹ್ಯಾಕ್ನಿಯಲ್ಲಿದ್ದ ಆ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕವನ್ನು ಹಾಕಿದ್ದಾರೆ. ಫಲಕ ಬಂದುದು ಒಳ್ಳೆಯದೇ. ಕರಾರುಪತ್ರ ಅಂದೇ ಇದ್ದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

'ಓ ಪೇರ್' ಎಂಬ ಫ್ರೆಂಚ್ ಮಾತಿಗೆ 'ಸರಿಸಮವಾಗಿ' ಎಂದರ್ಥ. ಅರ್ಥವೇನೋ ಉದಾತ್ತವಾದುದು. ಆದರೆ ಆ ಮಾತನ್ನು ಹುಟ್ಟಿಸಿದ ಯೂರೋಪಿನವರೇ ಬರಿಯ ಮಾತನ್ನು ನಂಬಲಿಲ್ಲವೆಂಬುದನ್ನು ಗಮನಿಸಬೇಕು. 1969ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅವರು ಮಾಡಿಕೊಂಡ ಒಡಂಬಡಿಕೆಯು, ಇಂಥವರು ವಿದ್ಯಾರ್ಥಿಗಳೂ ಅಲ್ಲ, ಕಾರ್ಮಿಕರೂ ಅಲ್ಲ, ಎರಡರ ಲಕ್ಷಣವೂ ಇರುವ ಬೇರೊಂದು ವರ್ಗವೆಂದು ಒಪ್ಪಿ, ಆ ಕಾರಣಕ್ಕಾಗಿಯೇ ಲಿಖಿತ ಕರಾರು, ದಿನಕ್ಕೆ 5 ಗಂಟೆ ಮೀರದ ಕೆಲಸ, ವಾರಕ್ಕೊಂದು ಪೂರ್ಣ ಬಿಡುವು, ಭಾಷಾ ತರಗತಿಗೆ ಸಮಯ ಇವನ್ನು ವಿಧಿಸಿತು. ಇಂದಿನ ಜರ್ಮನಿಯ ನಿಯಮದಂತೆ ಅರ್ಜಿ ಹಾಕುವಾಗ ವಯಸ್ಸು 27 ತುಂಬಿರಬಾರದು. ಕೆಲಸ ವಾರಕ್ಕೆ 30 ಗಂಟೆ ಮೀರಬಾರದು. ಊಟ ವಸತಿಯ ಮೇಲೆ ತಿಂಗಳಿಗೆ 280 ಯೂರೊ ಕೈಖರ್ಚು. ಆರೋಗ್ಯ ವಿಮೆಯ ಹೊಣೆ ಆತಿಥೇಯರದು. ಅವಧಿ ಹೆಚ್ಚೆಂದರೆ ಒಂದು ವರ್ಷ. ಅದು ಸಂಬಳವಲ್ಲ, ಕೈಖರ್ಚು ಎಂಬುದನ್ನು ತಂದೆತಾಯಿಗಳು ಮನಗಾಣಬೇಕು. ಸಾಲ ಮಾಡಿ ಮಧ್ಯವರ್ತಿಗೆ ಲಕ್ಷಗಳನ್ನು ಸುರಿದವರು ಈ ಹಣದಿಂದ ಆ ಸಾಲವನ್ನು ತೀರಿಸಲಾರರು. ಸಂಸ್ಕೃತಿ ವಿನಿಮಯವೆಂಬ ಹೆಸರಿನಲ್ಲಿ ಅಗ್ಗದ ದುಡಿಮೆ ನಡೆಯುತ್ತಿದೆಯೆಂಬ ಟೀಕೆಯ ಫಲವಾಗಿ ನಾರ್ವೆ ದೇಶವು 2024ರಲ್ಲಿ ಈ ವ್ಯವಸ್ಥೆಯನ್ನೇ ನಿಲ್ಲಿಸಿತು.

ನಮ್ಮ ಸರ್ಕಾರ ಕಾಪಾಡುವುದಿಲ್ಲವೇ ಎಂದು ಕೆಲವರು ಕೇಳಬಹುದು. 1983ರ ವಲಸೆ ಕಾಯ್ದೆಯುಂಟು. ಕೊಲ್ಲಿ ರಾಷ್ಟ್ರಗಳೇ ಮೊದಲಾದ 18 ದೇಶಗಳಿಗೆ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕೆಂಬ ನಿಯಮವೂ ಉಂಟು. ಆದರೆ ಜರ್ಮನಿ ಆ ಪಟ್ಟಿಯಲ್ಲಿಲ್ಲ. ಹತ್ತನೆಯ ತರಗತಿ ಮುಗಿಸಿದವರ ಪಾಸ್‌ಪೋರ್ಟಿಗೆ ಆ ತಪಾಸಣೆಯೂ ಅನ್ವಯಿಸುವುದಿಲ್ಲ. ಓದಿದವಳು ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲಳೆಂಬುದು ಕಾನೂನಿನ ನಂಬಿಕೆ. ಆದುದರಿಂದ ಆಕೆ ತನ್ನ ಓದನ್ನು ಮೊದಲು ಕರಾರುಪತ್ರವನ್ನು ಓದುವುದಕ್ಕೆ ಬಳಸಬೇಕು. ಕೆಲಸದ ಗಂಟೆ ಎಷ್ಟು? ಮಲಗುವ ಕೋಣೆ ಪ್ರತ್ಯೇಕವೇ? ಆ ಮನೆ ಸರಿಹೋಗದಿದ್ದರೆ ಬೇರೆ ಮನೆ ಹುಡುಕಿಕೊಡುವವರು ಯಾರು? ಮರಳುವ ಪ್ರಯಾಣದ ವೆಚ್ಚ ಯಾರದು? ಪಾಸ್‌ಪೋರ್ಟ್ ಸದಾ ಅವಳ ಕೈಯಲ್ಲಿಯೇ ಇರುವುದೇ? ಇವಕ್ಕೆ ಬರಹದಲ್ಲಿ ಉತ್ತರ ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಕೂಡದು.

ಪರದೇಶದವರಿಗೆ ಇಷ್ಟೆಲ್ಲ ಪ್ರಶ್ನೆ ಹಾಕುವ ನಾವು ನಮ್ಮ ಮನೆಯೊಳಗೂ ಒಮ್ಮೆ ನೋಡಿಕೊಳ್ಳೋಣ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ ಸರ್ಕಾರ 2004ರಲ್ಲಿಯೇ ನಿಗದಿ ಮಾಡಿತು. ನಮ್ಮಲ್ಲಿ ಎಷ್ಟು ಗೃಹಸ್ಥರು ಅದನ್ನು ಬಲ್ಲರು? ಮಠಮಾನ್ಯಗಳಲ್ಲಿ ಅಡಿಗೆ ಮಾಡಿ ಅಂಗಳ ಗುಡಿಸುವ ತಾಯಂದಿರ ದುಡಿಮೆಗೆ 'ಸೇವೆ' ಎಂದು ಹೆಸರಿಟ್ಟು ಕೂಲಿಯನ್ನು ಮರೆಯುವ ಅಭ್ಯಾಸ ನಮ್ಮಲ್ಲಿಯೂ ಇಲ್ಲವೆಂದು ಎದೆಮುಟ್ಟಿ ಹೇಳಲಾರೆವು. ಮನೆಗೆಲಸದವರ ಹಕ್ಕುಗಳನ್ನು ಕುರಿತ 2011ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಇನ್ನೂ ಅನುಮೋದನೆಯಿತ್ತಿಲ್ಲ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿಯಲ್ಲಿ, ಅಶೋಕ ಚಕ್ರವರ್ತಿ ಬರೆಯಿಸಿದ ಶಾಸನ ಇಂದಿಗೂ ಇದೆ. ಅದೇ ಅರಸನು ತನ್ನ ಒಂಬತ್ತನೆಯ ಶಿಲಾಶಾಸನದಲ್ಲಿ, ದಾಸರನ್ನೂ ಭೃತ್ಯರನ್ನೂ ಸರಿಯಾಗಿ ನಡೆಸಿಕೊಳ್ಳುವುದು ನಿಜವಾದ ಮಂಗಳಕಾರ್ಯಗಳಲ್ಲಿ ಒಂದೆಂದು ಹೇಳಿಸಿದನು. ಎರಡು ಸಾವಿರ ವರ್ಷಗಳಾಚೆಯ ಅರಸನಿಗೆ ತಿಳಿದುದು ನಮಗೆ ತಿಳಿಯಬಾರದೇ?

ಆ ಹೆಣ್ಣುಮಗಳಿಗೆ ನಾವು ಹೇಳಿದುದಿಷ್ಟೇ: "ಹೋಗು ತಾಯಿ. ಭಾಷೆ ಕಲಿ, ಲೋಕ ನೋಡು, ಆ ಮಕ್ಕಳನ್ನು ಪ್ರೀತಿಯಿಂದ ಸಾಕು. ಆದರೆ ಆ ಮನೆಗೆ ಮಗಳಾಗಿ ಹೋಗಬೇಡ, ಕರಾರುಳ್ಳ ದುಡಿಮೆಗಾರಳಾಗಿ ಹೋಗು. ಮಗಳಾಗಿರಲು ನಿನಗೆ ಇಲ್ಲಿ ಮನೆಯಿದೆ."