ಹೆಗಲೇರದ ಹುಡುಗಿಯರು

ಕಂಬಳದ ಹುಚ್ಚು ಹೇಗೆ ಹಿಡಿಯಿತು ಎಂದು ನಮ್ಮ ಕರಾವಳಿಯ ಯಾವ ಗಂಡಸನ್ನಾದರೂ ಕೇಳಿ ನೋಡಿ. "ಅದು ರಕ್ತದಲ್ಲೇ ಬಂದದ್ದು" ಎಂದು ಎದೆಯುಬ್ಬಿಸುತ್ತಾನೆ. ಸ್ವಲ್ಪ ಕೆದಕಿದರೆ ರಕ್ತದ ಹಿಂದಿನ ಕತೆ ಹೊರಬೀಳುತ್ತದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದ ನನ್ನ ಭಾವ ಐದು ವರ್ಷದವರಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಮೊದಲ ಓಟ ನೋಡಿದರಂತೆ. ನಮ್ಮ ಬೀದಿಯ ರಿಕ್ಷಾದವನನ್ನು ಅವನ ಸೋದರಮಾವ ಕಡಲೆ ಪೊಟ್ಟಣದ ಆಸೆ ತೋರಿಸಿ ಕರೆದೊಯ್ದನಂತೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ನನ್ನ ದೊಡ್ಡಪ್ಪನ ಮಗ ಈಗಲೂ ವರ್ಷಕ್ಕೊಮ್ಮೆ ಕೆಲಸ ಬಿಟ್ಟು ಓಡಿ ಬರುತ್ತಾನೆ. ಅವನು ಚಿಕ್ಕವನಿದ್ದಾಗ ಅಣ್ಣಂದಿರ ಜೊತೆ ಗದ್ದೆಯ ಬದುವಿನಲ್ಲಿ ಚಾಪೆ ಹಾಸಿ ರಾತ್ರಿ ಕಳೆದವನು. ಅಂದಮೇಲೆ ಇದು ರಕ್ತದ ಮಾತಲ್ಲ. ಹೆಗಲಿನ ಮಾತು. ಯಾರೋ ಎತ್ತಿಕೊಂಡರು, ಯಾರೋ ಕೈಹಿಡಿದು ಕರೆದುಕೊಂಡು ಹೋದರು, ಹುಚ್ಚು ಹಿಡಿಯಿತು.

ಇದೇ ಗಂಡಸರು ಮರುಕ್ಷಣದಲ್ಲಿ ಹೇಳುವ ಇನ್ನೊಂದು ಮಾತಿದೆ. "ಹೆಂಗಸರಿಗೆ ಕಂಬಳದಲ್ಲಿ ಅಷ್ಟು ಆಸಕ್ತಿ ಇಲ್ಲ ಬಿಡಿ." ನನ್ನ ಜಗಳವಿರುವುದು ಈ ಮಾತಿನ ಮೇಲೆ.

ಘಟ್ಟದ ಮೇಲಿನ ಓದುಗ ಗೆಳತಿಯರಿಗಾಗಿ ಎರಡು ಮಾತು. ಕಂಬಳವೆಂದರೆ ನೀರು ತುಂಬಿದ ಕೆಸರಿನ ಕರೆಯಲ್ಲಿ ಜೋಡಿ ಕೋಣಗಳ ಓಟ. ಕರೆ ಸಾಮಾನ್ಯವಾಗಿ 120ರಿಂದ 160 ಮೀಟರ್ ಉದ್ದವಿರುತ್ತದೆ. ಭತ್ತದ ಕೊಯ್ಲು ಮುಗಿಯುತ್ತ ಬಂದಂತೆ, ನವೆಂಬರಿನ ಹೊತ್ತಿಗೆ ಶುರುವಾದರೆ ಬೇಸಿಗೆ ಕಾಲಿಡುವವರೆಗೂ ವಾರವಾರವೂ ಒಂದೊಂದು ಊರಲ್ಲಿ. ಮೂಡಬಿದಿರೆ, ಮಿಯಾರು, ಐಕಳ, ಪುತ್ತೂರು, ಉಪ್ಪಿನಂಗಡಿ, ವೇಣೂರು. ಹಗ್ಗದ ಓಟ, ನೇಗಿಲಿನ ಓಟ, ಅಡ್ಡ ಹಲಗೆ, ಕನೆ ಹಲಗೆ ಎಂದು ಬೇರೆ ಬೇರೆ ವಿಭಾಗಗಳಿವೆ. ನನಗೆ ಕನೆ ಹಲಗೆಯೆಂದರೆ ಪ್ರಾಣ. ಅದರಲ್ಲಿ ಯಾರು ಮೊದಲು ಮುಟ್ಟಿದರು ಎಂಬ ಲೆಕ್ಕವಿಲ್ಲ. ಓಡಿಸುವವನು ಹಲಗೆಯ ಮೇಲೆ ಕಾಲೂರಿ ನಿಂತಿರುತ್ತಾನೆ. ಆ ಹಲಗೆಯ ತೂತಿನಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಗೆ ತಾಗಬೇಕು. ಕೆಸರು ನೀರು ಒಂದು ಕ್ಷಣ ಬಿಳಿಯ ಗೋಡೆಯಂತೆ ಎದ್ದು ನಿಲ್ಲುವುದನ್ನು ನೋಡಿದ ಮೇಲೆ ಆಸಕ್ತಿ ಬಾರದೆ ಇರಲು ಮನುಷ್ಯರಿಗೆ ಸಾಧ್ಯವೆ?

ಆದರೆ ಅದನ್ನು ನಾನು ಕಣ್ಣಾರೆ ಕಂಡದ್ದು ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ. ಶಾಲೆಯ ಇಬ್ಬರು ಸಹೋದ್ಯೋಗಿಗಳ ಜೊತೆ, ಬಸ್ಸಿನಲ್ಲಿ ಹೋಗಿ. ಅಲ್ಲಿಯವರೆಗೆ ನನ್ನದು ಕಿವಿಯ ಕಂಬಳ. ಹೈಸ್ಕೂಲಿನ ದಿನಗಳಲ್ಲಿ ಅಣ್ಣ, ತಮ್ಮ, ಅಪ್ಪ ಎಲ್ಲರೂ ಹೊರಟುಹೋದ ಮೇಲೆ ಅಮ್ಮ, ಅತ್ತೆ, ಅಕ್ಕ ಮತ್ತು ನಾನು ಜಗಲಿಯಲ್ಲಿ ಕುಳಿತಿರುತ್ತಿದ್ದೆವು. ಗಾಳಿ ಈ ಕಡೆ ಬೀಸಿದಾಗ ಮೈಕಿನ ದನಿ ತೇಲಿಬರುತ್ತಿತ್ತು, ಗಾಳಿ ತಿರುಗಿದರೆ ಅಳಿಸಿಹೋಗುತ್ತಿತ್ತು. ಯಾರ ಮನೆಯ ಕೋಣ ಗೆದ್ದಿತೆಂಬ ಅರ್ಧ ವಾಕ್ಯ ಕೇಳಿಸಿ ಇನ್ನರ್ಧ ಕೇಳಿಸದೆ ಹೋದಾಗ ಅತ್ತೆ ಪಡುತ್ತಿದ್ದ ಸಂಕಟವನ್ನು ನಾನು ನೋಡಿದ್ದೇನೆ. ಇವರಿಗೆ ಆಸಕ್ತಿ ಇರಲಿಲ್ಲವಂತೆ!

ಮಾವನ ಮನೆಯ ಹಟ್ಟಿಯಲ್ಲಿ ಒಂದು ಜೋಡಿ ಇತ್ತು. ಅವಕ್ಕೆ ಹುರುಳಿ ಬೇಯಿಸುತ್ತಿದ್ದವರು ಅತ್ತೆ. ಚಳಿಗಾಲದಲ್ಲಿ ಬೆಳಗಿನ ಜಾವಕ್ಕೇ ಎದ್ದು ಒಲೆ ಹಚ್ಚುತ್ತಿದ್ದರು. ಮೈಗೆ ಎಣ್ಣೆ ತಿಕ್ಕುವಾಗ ಎಲ್ಲಿ ಬಾವು ಬಂದಿದೆ, ಯಾವ ಕಾಲು ಊರಲು ಹಿಂಜರಿಯುತ್ತಿದೆ ಎಂದು ಮೊದಲು ತಿಳಿಯುತ್ತಿದ್ದುದು ಅವರಿಗೆ. "ಈ ಸಲ ಎಡಗಡೆಯವನನ್ನು ಓಡಿಸಬೇಡಿ" ಎಂದು ಅವರು ಹೇಳಿದರೆ ಮಾವ ಮರುಮಾತಾಡುತ್ತಿರಲಿಲ್ಲ. ಅಷ್ಟು ಬಲ್ಲವರು. ಆದರೆ ತಾವೇ ಸಾಕಿದ ಕೋಣ ಓಡುವುದನ್ನು ಅತ್ತೆ ಒಮ್ಮೆಯೂ ನೋಡಲಿಲ್ಲ. ಗೆದ್ದ ದಿನ ಕೊಂಬು, ಡೋಲುಗಳೊಡನೆ ಮೆರವಣಿಗೆ ಅಂಗಳಕ್ಕೆ ಬಂದಾಗ ಆರತಿ ತಟ್ಟೆ ಹಿಡಿದು ನಿಂತರು, ಅಷ್ಟೆ. ಮೆಡಲಿನ ಚಿನ್ನ ಮಾವನ ಪೆಟ್ಟಿಗೆಗೆ ಹೋಯಿತು. ಹುರುಳಿಯ ಪಾತ್ರೆ ತೊಳೆಯಲು ಅತ್ತೆ ಬಾವಿಕಟ್ಟೆಗೆ ಹೋದರು.

2020ರ ಫೆಬ್ರವರಿ 1ರಂದು ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಎದ್ದು ಕುಳಿತಿತು. ಉಸೇನ್ ಬೋಲ್ಟ್‌ಗೆ ಹೋಲಿಸಿದರು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು, ಅವರು ವಿನಯದಿಂದ ಒಲ್ಲೆನೆಂದರು. ಸಂತೋಷದ ಸುದ್ದಿಯೇ. ಆದರೆ ನಾನು ಓದಿದ ಯಾವ ವರದಿಯಲ್ಲೂ ಕಂಬಳದ ಕೋಣಗಳ ಹಟ್ಟಿಯಲ್ಲಿ ದುಡಿಯುವ ಹೆಂಗಸರ ಬಗ್ಗೆ ಒಂದು ಸಾಲಿರಲಿಲ್ಲ. ಸೆಕೆಂಡನ್ನು ನೂರು ಪಾಲು ಮಾಡಿ ಅಳೆಯಬಲ್ಲವರಿಗೆ ವರ್ಷವಿಡೀ ಉರಿದ ಒಲೆಯನ್ನು ಅಳೆಯಲು ಬಾರದೆ?

"ಅಲ್ಲಿ ಜನಜಂಗುಳಿ, ಕುಡಿತ, ಕೆಟ್ಟ ಮಾತು, ಹೆಣ್ಣುಮಕ್ಕಳನ್ನು ಹೇಗೆ ಕರೆದುಕೊಂಡು ಹೋಗುವುದು?" ಎನ್ನುತ್ತಾರೆ. ಕುಡಿಯುವವನು ಗದ್ದೆಯಲ್ಲಿ, ಕುಡಿಯದವಳು ಮನೆಯಲ್ಲಿ! ತಪ್ಪು ಮಾಡುವವನನ್ನು ಬಿಟ್ಟು ಮಾಡದವಳಿಗೆ ಬಾಗಿಲು ಹಾಕುವ ಈ ನ್ಯಾಯ ಕಂಬಳಕ್ಕಷ್ಟೇ ಸೀಮಿತವಲ್ಲ, ಅದು ನಿಮಗೂ ಗೊತ್ತು. ಒಮ್ಮೆ ಒಂದು ಕಡೆ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದು ಕೇಳಿದ್ದಕ್ಕೆ ಸ್ವಯಂಸೇವಕರೊಬ್ಬರು, "ಅಮ್ಮಾ, ನೀವೆಲ್ಲ ರಾತ್ರಿಯವರೆಗೆ ಇರುವುದಿಲ್ಲವಲ್ಲ" ಎಂದರು. ಇರಲು ವ್ಯವಸ್ಥೆಯಿಲ್ಲ, ಆದ್ದರಿಂದ ಇರುವುದಿಲ್ಲ. ಇರುವುದಿಲ್ಲ, ಆದ್ದರಿಂದ ವ್ಯವಸ್ಥೆ ಬೇಡ. ಕಡೆಗೆ "ಆಸಕ್ತಿ ಇಲ್ಲ" ಎಂಬ ಷರಾ.

ಇನ್ನು ಕೆಲವರು ಸಂಪ್ರದಾಯವೆಂಬ ಕೊನೆಯ ಅಸ್ತ್ರ ತೆಗೆಯುತ್ತಾರೆ. ಯಾವ ಸಂಪ್ರದಾಯ? ಇಂದಿನ ಜೋಡುಕರೆ ಕಂಬಳ 1969-70ರಲ್ಲಿ ಬಜಗೋಳಿಯಲ್ಲಿ ಶುರುವಾಯಿತೆನ್ನುತ್ತಾರೆ. ನನಗಿಂತಲೂ ಚಿಕ್ಕದು! ಬಾಳೆಗೊನೆ, ಎಳನೀರು ಬಹುಮಾನವಿದ್ದಲ್ಲಿ ಚಿನ್ನದ ಪವನು ಬಂತು, ರಾತ್ರಿಯನ್ನು ಹಗಲು ಮಾಡುವ ದೀಪಗಳು ಬಂದವು, ಓಟ ಅಳೆಯಲು ಯಂತ್ರ ಬಂತು. ಆಗೆಲ್ಲ ಸಂಪ್ರದಾಯಕ್ಕೆ ನೋವಾಗಲಿಲ್ಲ. ಸಂಪ್ರದಾಯದ ಹೆಸರಿನಲ್ಲೇ ಕೊರಗ ಸಮುದಾಯದವರನ್ನು ಕಂಬಳದ ಹಿಂದಿನ ರಾತ್ರಿಯಿಡೀ ಮಂಜಿನಲ್ಲಿ ಕೂರಿಸಿ ಡೋಲು ಬಡಿಸಿದ್ದೂ ಉಂಟು. ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನನ್ನೇ ತರಬೇಕಾಯಿತು. ಬಿಡಬೇಕಾದದ್ದನ್ನು ಬಿಟ್ಟ ಮೇಲೂ ಕಂಬಳ ಉಳಿದಿದೆ. ಹೆಂಗಸರು ಬಂದು ಕೂತರೆ ಮುಳುಗಿಹೋಗುತ್ತದೆಯೆ?

ಪೇಟೆಯ ಓದಿದ ಗೆಳತಿಯರು ಬೇರೆ ಕಡೆಯಿಂದ ಬರುತ್ತಾರೆ: "ಮೂಕಪ್ರಾಣಿಗೆ ಹೊಡೆಯುವ ಆಟಕ್ಕೆ ನಾವೇಕೆ ಹೋಗಬೇಕು?" ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿ 2016ರಲ್ಲಿ ಹೈಕೋರ್ಟು ತಡೆ ನೀಡಿತು. 2017ರಲ್ಲಿ ರಾಜ್ಯ ಕಾನೂನು ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಕೋರ್ಟು ಒಪ್ಪಿತೆಂದ ಮಾತ್ರಕ್ಕೆ ಕೋಣದ ಬೆನ್ನಿನ ಬಾಸುಂಡೆ ಮಾಯುವುದಿಲ್ಲ. ಕೋಣಕ್ಕೆ ಹೊಡೆದು ಗೆದ್ದ ಓಟಕ್ಕೆ ಚಪ್ಪಾಳೆ ತಟ್ಟುವವರು ಅಭಿಮಾನಿಗಳಲ್ಲ. ಅದನ್ನು ಕರೆಯ ಪಕ್ಕದಲ್ಲೇ ನಿಂತು ಹೇಳಬೇಕಾದವರು ಯಾರು? ಎಣ್ಣೆ ತಿಕ್ಕಿದ ಕೈಗಳಿಗೆ ಆ ಬೆನ್ನು ಗೊತ್ತು. ಅತ್ತೆಯಂಥವರು ಹತ್ತು ಮಂದಿ ಮುಂದಿನ ಸಾಲಿನಲ್ಲಿ ಕೂತಿದ್ದರೆ ಬೆತ್ತ ಎತ್ತುವವನ ಕೈ ಒಮ್ಮೆಯಾದರೂ ತಡೆಯುತ್ತಿತ್ತು. ದೂರ ಕುಳಿತು ಛೀ ಎನ್ನುವುದು ಸುಲಭ, ಕೋಣಕ್ಕೆ ಅದರಿಂದ ಪ್ರಯೋಜನವಿಲ್ಲ.

ಆದ್ದರಿಂದ ನಾನು ಕೇಳುವುದು ದೊಡ್ಡದೇನಲ್ಲ. ಕಂಬಳ ನಡೆಸುವವರು ಬೆಳಕಿರುವ ಕಡೆ ಹೆಂಗಸರಿಗೆ ಕೂರಲು ಜಾಗ ಮಾಡಲಿ, ನೀರಿರುವ ಶೌಚಾಲಯ ಕಟ್ಟಿಸಲಿ. ಬಹುಮಾನ ಕೊಡುವಾಗ ಯಜಮಾನನ ಹೆಸರು, ಓಡಿಸಿದವನ ಹೆಸರು ಕೂಗುವ ಮೈಕಿನಲ್ಲಿ ಹಟ್ಟಿಯಲ್ಲಿ ದುಡಿದವಳ ಹೆಸರೂ ಬರಲಿ. ಅದಕ್ಕೇನೂ ಖರ್ಚಿಲ್ಲ. ಮತ್ತು ನೀವು, ಪೇಟೆಯಲ್ಲಿರುವ ತಾಯಂದಿರು, ಗಂಡ ಕರೆದುಕೊಂಡು ಹೋಗಲಿ ಎಂದು ಕಾಯಬೇಡಿ. ಈ ಚಳಿಗಾಲದಲ್ಲಿ ನಿಮ್ಮ ಮಗಳನ್ನೋ ತಂಗಿಯ ಮಗಳನ್ನೋ ಕರೆದುಕೊಂಡು ಬಸ್ಸು ಹತ್ತಿ. ಅವಳಿಗೆ ಹಿಡಿಸಿದರೆ ಹಿಡಿಸಲಿ, ಬಿಟ್ಟರೆ ಬಿಡಲಿ. ಇಷ್ಟವಿಲ್ಲವೆಂದು ಹೇಳುವ ಹಕ್ಕಾದರೂ ನೋಡಿದ ಮೇಲೆ ಅವಳದಾಗಲಿ. ನೋಡುವ ಮೊದಲೇ ಅವಳ ಪರವಾಗಿ ಇನ್ನೊಬ್ಬರು ಹೇಳಿಬಿಡುವ ಕಾಲ ಸಾಕು.