ಪೋರ್ಟಲ್‌ನಾಗ ಐತಿ ಅಂದ್ರ ಹೊಟ್ಟಿ ತುಂಬ್ತೈತೇನ್ರೀ?

1/8

ಫೋಟೊದಾಗ ಇರೋದು ನಮ್ಮ ರೂಮ್. ಬೈಲಹೊಂಗಲ, ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಗ್ವಾಡಿಗೆ ಮೂರು ಮೊಳಿ ಕಾಣ್ತಾವಲ್ಲ, ಅಲ್ಲಿ ಮೂರು ಬ್ಯಾಗ್ ತೂಗಹಾಕ್ತಿದ್ವಿ. ಈಗ ಎರಡ ಅದಾವ.

ಮೂರನೇ ಬ್ಯಾಗಿನವ ರಾಮದುರ್ಗ ತಾಲೂಕಿನವ. ಮಲಪ್ರಭಾ ದಂಡಿ ಮ್ಯಾಲಿನ ಊರು. ಬಿಎ ನಾಲ್ಕನೇ ಸೆಮಿಸ್ಟರ್ ನಡುವ ಬಿಟ್ಟು ಹೋದ. ಫೇಲಾಗಿ ಹೋಗಲಿಲ್ಲ, ನಮ್ಮ ಮೂವರಾಗ ಅವನ ಮಾರ್ಕ್ಸ್ ಜಾಸ್ತಿ. ಬಾಡಿಗಿ ಕೊಟ್ರ ಖಾನಾವಳಿ ಬಾಕಿ ಉಳಿತಿತ್ತು, ಖಾನಾವಳಿಗೆ ಕೊಟ್ರ ಬಾಡಿಗಿ ಉಳಿತಿತ್ತು. ಕಡೆಕಡೆಗೆ ಒಂದ ಹೊತ್ತು ಉಣ್ಣಾಕತ್ತಿದ್ದ. "ಯಾಕೋ ಹಸಿವಿಲ್ಲೋ" ಅಂತಿದ್ದ. ನಾವೂ ನಂಬಿದ್ವಿ. ನಂಬೋದು ನಮಗ ಸುಲಭ ಇತ್ತು.

ಅವನಂಥವರಿಗೇ ಅಂತ ಸರ್ಕಾರದ ಯೋಜನೆ ಇತ್ತು. ಅರ್ಜಿ ಹಾಕಾಕ ಕುಂತಾಗ ಆಧಾರದಾಗಿನ ಹೆಸರು ಮತ್ತ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಹೆಸರು ಹೊಂದಲಿಲ್ಲ. ಒಂದರಾಗ ಅಪ್ಪನ ಹೆಸರು ಪೂರ್ತಿ, ಇನ್ನೊಂದರಾಗ ಬರೀ ಇನಿಷಿಯಲ್. ಅದನ್ನ ಸರಿ ಮಾಡ್ಸಾಕ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ತಿರುಗೂದ್ರಾಗ ಕಡೇ ತಾರೀಖು ಹೋತು. ಕೇಳಿದ ಕಡೆಯೆಲ್ಲಾ ಒಂದ ಉತ್ತರ: "ಎಲ್ಲಾ ಪೋರ್ಟಲ್‌ನಾಗ ಇತ್ತಲ್ಲಪಾ, ನೋಡ್ಕೋಬೇಕಿತ್ತು."

ಈ ಸಿರೀಸ್ ಆ ಒಂದು ಮಾತಿನ ವಿರುದ್ಧ. ಎಂಟೂ ಓದ್ರಿ. ಉದ್ದ ಐತಿ ಅಂತ ಬೈಬ್ಯಾಡ್ರಿ.

2/8

ಮೊದಲು ಏನೇನು ಐತಿ ಅನ್ನೋದು ನೋಡೂಣು. ಯಾಕಂದ್ರ "ಸರ್ಕಾರ ಏನೂ ಕೊಡೋದಿಲ್ಲ" ಅನ್ನೋದೂ ಸುಳ್ಳ.

ಹಾಸ್ಟೆಲ್: ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ನಾಲ್ಕೂ ಇಲಾಖೆಗಳು ಮೆಟ್ರಿಕ್ ನಂತರದ ಹಾಸ್ಟೆಲ್ ನಡೆಸುತ್ತವೆ. ಊಟ, ವಸತಿ ಎರಡೂ ಉಚಿತ.

ವಿದ್ಯಾಸಿರಿ: 2013-14ರಲ್ಲಿ ಶುರುವಾದ ಯೋಜನೆ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ, ಊಟ ಮತ್ತು ವಸತಿ ವೆಚ್ಚಕ್ಕೆ ಅಂತ ಬ್ಯಾಂಕ್ ಖಾತೆಗೆ ಹಣ. ಶುರುವಾದಾಗ ನಿಗದಿಯಾಗಿದ್ದು ತಿಂಗಳಿಗೆ 1500 ರೂಪಾಯಿಯಂತೆ 10 ತಿಂಗಳು, ವರ್ಷಕ್ಕೆ 15,000. ದಿನಕ್ಕ ಹಂಚಿದ್ರ 50 ರೂಪಾಯಿ. ಅದರಾಗ ಊಟಾನೂ ಬರಬೇಕು, ಬಾಡಿಗಿನೂ ಬರಬೇಕು. ಕಡಿಮಿನ, ಆದ್ರ ನಮ್ಮ ಮೂರನೇ ಬ್ಯಾಗಿನವನನ್ನ ಉಳಿಸಾಕ ಅಷ್ಟ ಸಾಕಿತ್ತು.

ರೇಷನ್: 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೂ ತಿಂಗಳಿಗೆ 5 ಕೆಜಿ ಧಾನ್ಯದ ಹಕ್ಕು ಐತಿ. ಪೋರ್ಟಬಿಲಿಟಿ ಬಂದ ಮ್ಯಾಲ ನಿಮ್ಮ ಊರಿನ ಅಂಗಡಿಗೇ ಹೋಗಬೇಕಂತಿಲ್ಲ. ಕಾರ್ಡಿನಾಗ ಹೆಸರು ಇದ್ರ, ಓದೋ ಊರಿನ ನ್ಯಾಯಬೆಲೆ ಅಂಗಡಿಯಾಗ ಬೆರಳು ಕೊಟ್ಟು ತಗೋಬಹುದು. ನೀವು ಇಲ್ಲಿ ತಗೊಂಡಷ್ಟು ಮನಿ ಲೆಕ್ಕದಾಗ ಕಡಿಮಿ ಆಗ್ತೈತಿ, ಹಂಗಾಗಿ ಅವ್ವಗ ಮೊದಲ ಹೇಳ್ರಿ.

ಕಾಮೆಂಟ್‌ನಾಗ ಖರೇನ ಹೇಳ್ರಿ. ಈ ಮೂರೂ ಗೊತ್ತಿತ್ತೇನು ನಿಮಗ? ನನಗ ಎರಡನೇ ವರ್ಷಕ್ಕ ಗೊತ್ತಾತು. ಅದೂ ಝೆರಾಕ್ಸ್ ಅಂಗಡಿಯಾಗ.

3/8

ಈಗ ಈ ನೆರವು ಮತ್ತ ನಮ್ಮ ನಡುವ ಏನು ಐತಿ ನೋಡ್ರಿ.

ಹಾಸ್ಟೆಲ್‌ಗೆ ಒಂದು ಪೋರ್ಟಲ್, ಎಸ್‌ಎಚ್‌ಪಿ. ವಿದ್ಯಾಸಿರಿ ಮತ್ತು ಸ್ಕಾಲರ್‌ಶಿಪ್‌ಗೆ ಇನ್ನೊಂದು, ಎಸ್‌ಎಸ್‌ಪಿ. ಡಿಗ್ರಿ ಅಡ್ಮಿಷನ್‌ಗೆ ಮತ್ತೊಂದು, ಯುಯುಸಿಎಂಎಸ್. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಅಲ್ಲಿ ಸಿಗೋ ಆರ್‌ಡಿ ನಂಬರ್ ಇಲ್ಲದ ಅರ್ಜಿ ಮುಂದ ಸರಿಯೋದಿಲ್ಲ. ಕಾಗದಪತ್ರಕ್ಕ ಕಾಲೇಜಿನಾಗ ಇ-ದೃಢೀಕರಣ ಆಗಬೇಕು. ಎಲ್ಲಾ ಆದ ಮ್ಯಾಲ ಹಣ ಬರೋದು ಆಧಾರ್ ಜೋಡಣೆಯಾದ ಖಾತೆಗೆ. ಪಾಸ್‌ಬುಕ್ ಇದ್ರ ಸಾಲದು, ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಸಬೇಕು. ಇದರಾಗ ಒಂದ ಕೊಂಡಿ ಕಳಚಿದ್ರೂ ಹಣ ಬರೋದಿಲ್ಲ, ಯಾಕ ಬರಲಿಲ್ಲ ಅಂತ ಹೇಳೋರು ಬರೋದಿಲ್ಲ.

ಈಗ ನನ್ನ ಪ್ರಶ್ನೆ. ಅಡ್ಮಿಷನ್ ದಿನ ನಾವು ಏನೇನು ಕೊಡ್ತೀವಿ? ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಮತ್ತ ಆದಾಯ ಪ್ರಮಾಣಪತ್ರ, ಊರಿನ ವಿಳಾಸ. ಅಂದ್ರ ಈ ಹುಡುಗ ಬಡವ, ಇವನ ಊರು ದೂರ, ಇವನಿಗೆ ಇಲ್ಲಿ ಮನಿ ಇಲ್ಲ ಅನ್ನೋದು ಮೊದಲನೇ ದಿನಾನ ಕಾಲೇಜಿಗೆ ಗೊತ್ತಾಗಿರ್ತೈತಿ. ಫೀ ತಗೋಳಾಕ ಆ ಕಾಗದ ಸಾಕು. ಊಟ ಕೊಡಾಕ ಅದ ಕಾಗದ ಮತ್ತ ಮೂರು ಕಡೆ ಅಪ್‌ಲೋಡ್ ಮಾಡಬೇಕು, ಅದೂ ನಾವ.

ಮಾಹಿತಿ ಇಲ್ಲ ಅಂತಲ್ಲ. ಮಾಹಿತಿ ಅವರ ಟೇಬಲ್ ಮ್ಯಾಲ ಐತಿ, ಹಸಿವು ನಮ್ಮ ರೂಮಿನಾಗ ಐತಿ. ನಡುವ ಮನಿಷ್ಯಾ ಇಲ್ಲ.

4/8

"ಅಷ್ಟೂ ಗೊತ್ತಾಗದಿದ್ರ ಡಿಗ್ರಿ ಯಾಕ ಓದ್ತೀರಿ? ರೀಲ್ಸ್ ನೋಡಾಕ ಮೊಬೈಲ್ ಐತಿ, ಅರ್ಜಿ ಹಾಕಾಕ ಇಲ್ಲೇನು?"

ಈ ಮಾತು ನನ್ನ ಡಿಎಂಗೂ ಬಂದೈತಿ. ಉತ್ತರ ಕೊಡ್ತೀನಿ.

ಅರ್ಜಿ ಹಾಕೋದು ಕಷ್ಟ ಅಲ್ಲ. ತಪ್ಪಾದಾಗ ಸರಿ ಮಾಡಿಸೋದು ಕಷ್ಟ. ಆಧಾರದಾಗ ಹೆಸರು ತಿದ್ದಿಸಾಕ ಒಂದಿನ ಕೆಲಸ ಬಿಟ್ಟು ತಾಲೂಕಿಗೆ ಬರಬೇಕು. ಅವತ್ತ ಸರ್ವರ್ ಡೌನ್ ಅಂದ್ರ ಇನ್ನೊಂದಿನ. ನಿಮ್ಮಪ್ಪ ನೌಕರಿಯಾಗಿದ್ರ ಒಂದು ಫೋನ್ ಹಚ್ತಾರ, "ಯಾರ್ನ ಕೇಳಬೇಕು" ಅನ್ನೋದು ಅವರಿಗೆ ಗೊತ್ತಿರ್ತೈತಿ. ನಮ್ಮ ಗೆಳೆಯನ ಅಪ್ಪ ಕಬ್ಬು ಕಡ್ಯಾಕ ಹೋಗ್ತಾರ. ಅವರು ಯಾರಿಗೆ ಫೋನ್ ಹಚ್ಚಬೇಕು?

ಇನ್ನೊಂದು ಮಾತು, ನ್ಯಾಯವಾಗಿ ಹೇಳ್ತೀನಿ. ಇದು ನಮ್ಮ ಸರ್ ಮೇಡಂಗಳ ಮ್ಯಾಲಿನ ಸಿಟ್ಟಲ್ಲ. ಎಷ್ಟೋ ಕಡೆ ಪಾಠ ಮಾಡೋರು ಅತಿಥಿ ಉಪನ್ಯಾಸಕರು, ಅವರ ಸಂಬಳನ ತಿಂಗಳ ತಿಂಗಳ ಬರೋದಿಲ್ಲ ಅಂತ ಅವರೂ ಹೋರಾಟ ಮಾಡ್ಯಾರ. ಇರೋರ ತಲಿ ಮ್ಯಾಲ ನ್ಯಾಕ್, ಪರೀಕ್ಷಾ ಕೆಲಸ, ಎಲೆಕ್ಷನ್ ಡ್ಯೂಟಿ. "ಇದೂ ನಿಮ್ಮ ಕೆಲಸ" ಅಂತ ಅವರಿಗೆ ಯಾರೂ ಬರೆದು ಕೊಟ್ಟಿಲ್ಲ. ಬರೆದು ಕೊಡದ ಕೆಲಸ ಯಾರ ಕೆಲಸಾನೂ ಅಲ್ಲ. ನನ್ನ ತಕರಾರು ಅಷ್ಟ.

5/8

ಫೋಟೊ: ಸವದತ್ತಿ, ಯಲ್ಲಮ್ಮನ ಗುಡ್ಡ. ಹೋದ ಹುಣ್ಣಿಮಿಗೆ ತೆಗೆದಿದ್ದು.

"ಬಿಟ್ಟಿ ಕೊಟ್ಟು ಕೊಟ್ಟು ಹುಡುಗರನ್ನ ಕೆಡಿಸ್ಯಾರ" ಅನ್ನೋ ಅಂಕಲ್‌ಗಳಿಗೆ ಈ ಪೋಸ್ಟ್.

ಅಂಕಲ್, ಓದೋ ಹುಡುಗರಿಗೆ ಊಟ ಹಾಕೋದು ಈ ಸೀಮಿಗೆ ಹೊಸದಲ್ಲ. ನಮ್ಮ ಮುತ್ತ್ಯಾಗಳ ಕಾಲದಾಗ ವಾರಾನ್ನ ಇತ್ತು. ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ ಉಂಡು ಓದಿದವರು ಮುಂದ ಮಾಸ್ತರಾದರು, ವಕೀಲರಾದರು. ಮಠಗಳು ಪ್ರಸಾದ ನಿಲಯ ಕಟ್ಟಿದವು. ಧಾರವಾಡದ ಮುರುಘಾಮಠದಾಗ ಉಂಡು ಓದಿದವರು ನಿಮ್ಮ ಮನ್ಯಾಗೂ ಇರಬಹುದು, ಕೇಳಿ ನೋಡ್ರಿ.

ಸವದತ್ತಿ ಸೀಮಿಯ ಸಿರಸಂಗಿ ದೇಸಗತಿ ಕೇಳಿರ್ತೀರಿ. ಅಲ್ಲಿನ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡರು. ಹೋಗೋಕಿಂತ ಮೊದಲು ತಮ್ಮ ಆಸ್ತಿಯನ್ನ ಸಮಾಜದ ಮಕ್ಕಳ ಶಿಕ್ಷಣಕ್ಕ ಅಂತ ಉಯಿಲು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದ ಹೆಸರು. ಅದು ಒಂದು ಸಮಾಜದ ಮಕ್ಕಳಿಗೆ ಅಂತ ಇತ್ತು. ಇವತ್ತಿನ ಕಾಯ್ದೆ ಜಾತಿ ದಾಟಿ ಎಲ್ಲ ಬಡವರಿಗೂ ಅಂತೈತಿ. ಆಗ ದೇಸಾಯರು ಕೊಟ್ರ ದಾನ, ಈಗ ಸರ್ಕಾರ ಕೊಟ್ರ ಬಿಟ್ಟಿ? ಎಲ್ಲಿಯ ಲೆಕ್ಕ ಇದು?

ಗುಡ್ಡಕ್ಕ ಹೋದ್ರ ನಾವೆಲ್ಲಾ ಪಡ್ಡಲಗಿ ತುಂಬಿಸ್ತೀವಿ. ಗೊತ್ತಿಲ್ಲದವರಿಗೂ ಕರದು ಉಣ್ಣಾಕ ಹಾಕ್ತೀವಿ. ಮನಿಗೆ ಬಂದು, ಮಾಳಿಗಿ ಮ್ಯಾಲಿನ ರೂಮಿನ ಹುಡುಗ ಉಂಡಾನೋ ಇಲ್ಲೋ ಕೇಳೋದಿಲ್ಲ. ಬಾಡಿಗಿ ಮಾತ್ರ ಒಂದನೇ ತಾರೀಖಿಗೆ ಕೇಳ್ತೀವಿ.

6/8

ಈಗ ನಮ್ಮ ಕಡೆ ಬೆರಳು. ಹೌದು, ನಿಮ್ಮ ಕಡೆ, ನನ್ನ ಕಡೆ.

ಹತ್ತನೇ ತರಗತಿ ತನಕ ನಾವೆಲ್ಲಾ ಶಾಲ್ಯಾಗ ಬಿಸಿಯೂಟ ಉಂಡೀವಿ. ಸಾಲಾಗಿ ಕುಂತು, ತಾಟು ಹಿಡಕೊಂಡು. ಯಾರಿಗೂ ನಾಚಿಕಿ ಇರಲಿಲ್ಲ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಶಾಲ್ಯಾಗ ಬೇಯಿಸಿದ ಊಟ ಕೊಡಲೇಬೇಕು ಅಂತ ಆದೇಶ ಮಾಡಿತ್ತು. ಅದು ಹಕ್ಕಾಗಿತ್ತು. ಪಿಯುಸಿ ಮೆಟ್ಟಿಲು ಹತ್ತಿದ ಕೂಡ್ಲೆ ಊಟಾನೂ ನಿಂತಿತು, ಹಸಿವಿನ ಬಗ್ಗೆ ಮಾತಾಡೋದೂ ನಿಂತಿತು. ಹದಿನಾರು ವರ್ಷಕ್ಕ ಹೊಟ್ಟಿ ಸಣ್ಣದಾಗ್ತೈತೇನು?

ನಮ್ಮ ಕ್ಲಾಸಿನ ಹುಡುಗ್ಯಾರನ್ನ ಕೇಳ್ರಿ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂತು, ಬಸ್ ಫ್ರೀ ಆತು. ಖರೇನ ದೊಡ್ಡ ಉಪಕಾರ. ಕಿತ್ತೂರು ಕಡೆಯಿಂದ, ಸವದತ್ತಿ ಕಡೆಯಿಂದ ಎಷ್ಟೋ ಅಕ್ಕತಂಗ್ಯಾರು ಅದಕ್ಕ ಡಿಗ್ರಿ ಓದಾಕತ್ತಾರ. ಆದ್ರ ಬಸ್ಸಿನ ಟೈಮಿಗೆ ನಸುಕಿನಾಗ ಹೊರಟು, ಬುತ್ತಿ ಕಟ್ಟಾಕ ಆಗದ ದಿನ ಸಂಜಿ ತನಕ ಬರೀ ನೀರು ಕುಡಿದು ಇರೋರು ನನಗ ಗೊತ್ತು. ಬಸ್ ಫ್ರೀ ಆತು. ಮಧ್ಯಾಹ್ನದ ಊಟದ ಮಾತು ಯಾರೂ ತಗೀಲಿಲ್ಲ.

ಅಕ್ಟೋಬರ್ 23ಕ್ಕ ಕಿತ್ತೂರು ಉತ್ಸವ ಬಂತಂದ್ರ ಎಲ್ಲರ ಸ್ಟೋರಿಯೊಳಗೂ ಚನ್ನಮ್ಮ, ರಾಯಣ್ಣ. ಕಂಪನಿ ಸರ್ಕಾರದ ಮುಂದ ತಲಿ ಬಗ್ಗಿಸದವರ ಊರಿನವರು ನಾವು. ಒಂದು ಅರ್ಜಿ ಯಾಕ ರಿಜೆಕ್ಟ್ ಆತು ಅಂತ ಕೌಂಟರಿನಾಗ ಎರಡನೇ ಸಲ ಕೇಳಾಕ ನಾಚ್ಕೋತೀವಿ. ರೂಮಿನ ಗೆಳೆಯ "ಹಸಿವಿಲ್ಲ" ಅಂದ್ರ ಮೊಬೈಲಿನಾಗ ಮಾರಿ ಹಾಕ್ತೀವಿ. ನಾನೂ ಹಾಕಿದ್ದೆ.

7/8

ಹಂಗಾದ್ರ ಏನು ಬೇಕು? ಹೊಸ ಯೋಜನೆ ಬ್ಯಾಡ. ಹೊಸ ಆ್ಯಪ್ ಅಂತೂ ಬ್ಯಾಡವೇ ಬ್ಯಾಡ. ಮೂರು ಬೇಡಿಕೆ ಅಷ್ಟ.

ಒಂದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪ್ರತಿ ಪಿಯು ಮತ್ತು ಡಿಗ್ರಿ ಕಾಲೇಜಿನಲ್ಲಿ, ಅಡ್ಮಿಷನ್ ದಿನವೇ, ಫೀ ಕೌಂಟರಿನ ಪಕ್ಕ ಒಂದು ಟೇಬಲ್. ಫೀ ರಸೀದಿ ಹರಿಯೋಕಿಂತ ಮೊದಲು ಒಂದು ಪ್ರಶ್ನೆ: "ಎಲ್ಲಿ ಇರ್ತೀಯಪಾ? ಊಟಕ್ಕ ಏನು ಮಾಡ್ತೀ?" ಅಲ್ಲೇ ಹಾಸ್ಟೆಲ್ ಅರ್ಜಿ, ಅಲ್ಲೇ ಸ್ಕಾಲರ್‌ಶಿಪ್‌ನ ಇ-ದೃಢೀಕರಣ.

ಎರಡು. ಆ ಕೆಲಸಕ್ಕ ಒಬ್ಬ ಮನಿಷ್ಯಾ. ಅವರ ಹೆಸರು ನೋಟಿಸ್ ಬೋರ್ಡಿನಾಗ ಇರಬೇಕು, ಆ ಕೆಲಸಕ್ಕ ಅವರ ಪಾಠದ ತಾಸು ಕಡಿಮಿ ಮಾಡಬೇಕು.

ಮೂರು. ಅರ್ಜಿ ತಿರಸ್ಕೃತವಾದ್ರ ಕಾರಣ ಮತ್ತ ಸರಿಪಡಿಸೋ ದಾರಿ ಎರಡೂ ಕನ್ನಡದಾಗ ತಿಳಿಸಬೇಕು. ಹೆಸರಿನ ಇನಿಷಿಯಲ್ ತಪ್ಪಿಗೆ ಒಂದು ವರ್ಷದ ಊಟ ಕಸಿಯಬಾರದು.

"ಇದೆಲ್ಲಾ ಆಗೋ ಮಾತಲ್ಲ" ಅಂತೀರಿ. ಶ್ರೀಮಂತ ದೇಶದ ಮಾತು ಕೇಳ್ರಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರ 2018ರ ಡಿಸೆಂಬರ್ ವರದಿ ಪ್ರಕಾರ, ಅಲ್ಲಿ ಆಹಾರ ನೆರವಿಗೆ ಅರ್ಹರಿರಬಹುದಾದ ಸುಮಾರು 33 ಲಕ್ಷ ಕಾಲೇಜು ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನ ಪಡೆದೇ ಇರಲಿಲ್ಲ. ಅಲ್ಲೂ ವೆಬ್‌ಸೈಟ್ ಇತ್ತು, ಗೊತ್ತಿರಲಿ. ಆಮೇಲೆ ಕ್ಯಾಲಿಫೋರ್ನಿಯಾ 2021ರಲ್ಲಿ ಕಾಯ್ದೆ ಮಾಡಿ, ಪ್ರತಿ ಸಮುದಾಯ ಕಾಲೇಜಿನಲ್ಲೂ ಊಟ, ವಸತಿಯಂಥ ಮೂಲ ಅಗತ್ಯಗಳಿಗೆ ಒಂದು ಕೇಂದ್ರ, ಒಬ್ಬ ಸಂಯೋಜಕ ಇರಲೇಬೇಕು ಅಂತ ಹೇಳಿತು. ಅಷ್ಟು ದುಡ್ಡಿನ ನಾಡು ಕಡೆಗೆ ಕಂಡುಕೊಂಡಿದ್ದೂ ಅದನ್ನ: ಒಂದು ಟೇಬಲ್, ಒಬ್ಬ ಮನಿಷ್ಯಾ.

8/8

ಟೇಬಲ್ ಬರೋ ತನಕ ಕೈ ಕಟ್ಟಿ ಕುಂದ್ರೂದು ಬ್ಯಾಡ. ಇದನ್ನ ಸೇವ್ ಮಾಡ್ಕೊಳ್ರಿ, ಪಿಯುಸಿ ಮುಗಿಸಿದ ತಮ್ಮ ತಂಗಿಗೆ ಕಳಸ್ರಿ.

ರಿಸಲ್ಟ್ ಬರೋಕಿಂತ ಮೊದಲು: ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದೈತೇನು ನೋಡ್ರಿ. ಮುಗಿದಿದ್ರ ನಾಡಕಚೇರಿ ಅಥವಾ ಊರಿನ ಗ್ರಾಮ ಒನ್‌ನಾಗ ಈಗ ಅರ್ಜಿ ಕೊಡ್ರಿ.

ಆಧಾರ್ ಮತ್ತ ಎಸ್ಸೆಸ್ಸೆಲ್ಸಿ ಕಾರ್ಡ್ ಎರಡೂ ಪಕ್ಕಪಕ್ಕ ಇಟ್ಟು ಹೆಸರು ಅಕ್ಷರ ಅಕ್ಷರ ಹೊಂದಿಸಿ ನೋಡ್ರಿ. ನನ್ನ ಗೆಳೆಯಗ ಈ ಒಂದು ಮಾತು ಯಾರೂ ಹೇಳಲಿಲ್ಲ.

ಬ್ಯಾಂಕಿಗೆ ಹೋಗಿ "ಖಾತೆಗೆ ಆಧಾರ್ ಸೀಡಿಂಗ್ ಆಗೈತೇನ್ರಿ, ಎನ್‌ಪಿಸಿಐದಾಗ ತೋರಿಸ್ತೈತೇನ್ರಿ" ಅಂತ ಕೇಳ್ರಿ.

ಹಾಸ್ಟೆಲ್ ಅರ್ಜಿ ಮೊದಲು ಹಾಕ್ರಿ. ಸೀಟು ಸಿಗದಿದ್ರ ವಿದ್ಯಾಸಿರಿ. ಹಾಸ್ಟೆಲ್‌ನಾಗ ಇದ್ದು ವಿದ್ಯಾಸಿರಿ ಸಿಗೋದಿಲ್ಲ. ಹಾಜರಾತಿ 75 ಪರ್ಸೆಂಟ್ ಬೇಕು, ಹಂಗಾಗಿ ಕ್ಲಾಸ್ ಬಂಕ್ ಮಾಡಿ ಊಟ ಕಳ್ಕೋಬ್ಯಾಡ್ರಿ.

ಅರ್ಜಿ ಹಾಕಿದ ಮ್ಯಾಲ ಮರೀಬ್ಯಾಡ್ರಿ. ವಾರಕ್ಕೊಮ್ಮೆ ಸ್ಟೇಟಸ್ ನೋಡ್ರಿ, ಸ್ಕ್ರೀನ್‌ಶಾಟ್ ಇಟ್ಕೊಳ್ರಿ.

ಬರೋ ಸೋಮವಾರದಿಂದ ದಿನಾ ಮಧ್ಯಾಹ್ನ 2ಕ್ಕ ನಮ್ಮ ಕಾಲೇಜಿನ ಬೇವಿನ ಗಿಡದ ಕಟ್ಟಿ ಮ್ಯಾಲ ನಾನು, ನಮ್ಮ ಕ್ಲಾಸಿನ ಇಬ್ಬರು ಅಕ್ಕಗಳು ಕುಂದ್ರತೀವಿ. ಮೊಬೈಲ್ ಐತಿ, ಡಾಟಾ ಐತಿ. ಕಾಗದ ತಗೊಂಡು ಬರ್ರಿ. ರೊಕ್ಕ ಏನೂ ಇಲ್ಲ. ಯಾರ ಹೆಸರೂ ಸ್ಟೋರಿಗೆ ಹಾಕೋದಿಲ್ಲ.

ಮೂರನೇ ಬ್ಯಾಗಿನವಗ ಈ ಎಂಟೂ ಪೋಸ್ಟ್ ಮೊದಲ ಕಳಿಸಿ, ಹಾಕಲೇನು ಅಂತ ಕೇಳಿದ್ದೆ. "ಹಾಕಲೇ, ನನ್ನ ಹೆಸರು ಬ್ಯಾಡ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಈ ವರ್ಷ ಕಡೇ ತಾರೀಖು ಯಾವಾಗೋ?"

ಗ್ವಾಡಿಗಿ ಆ ಮೊಳಿ ಹಂಗ ಐತಿ.

#ಒಂದುಟೇಬಲ್ಒಬ್ಬಮನಿಷ್ಯಾ #ಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ವಿದ್ಯಾಸಿರಿ