ಕಣ್ಣೆದುರಿಗಿರುವಾಗಲೇ ಸಲ್ಲಬೇಕಾದ ಸನ್ಮಾನ

ದೇಶಕ್ಕಾಗಿ ಮಡಿದವರನ್ನು ಸ್ಮರಿಸುವುದರಲ್ಲಿ ನಮ್ಮ ಜನರು ಹಿಂದೆ ಬಿದ್ದವರಲ್ಲ. ದೇಶಕ್ಕಾಗಿ ಕಾದಾಡಿ ಬದುಕಿ ಬಂದವರ ಮಾತನ್ನು ಕೇಳುವುದರಲ್ಲಿ ಮಾತ್ರ ನಾವು ಬಹಳ ಉದಾಸೀನರು. ಈ ಉದಾಸೀನತೆಯಿಂದ ಎಂಥ ಹಾನಿಯುಂಟಾಗುವುದೆಂಬುದಕ್ಕೆ ಕರ್ನಾಟಕದ ವೀರರೊಬ್ಬರ ಚರಿತ್ರೆಯೇ ಸಾಕ್ಷಿಯಾಗಿದೆ.

1965ನೆಯ ಇಸವಿಯ ಸಪ್ಟಂಬರ 7ನೆಯ ತಾರೀಖಿನ ನಸುಕಿನಲ್ಲಿ ಪಂಜಾಬದ ಆದಮಪುರ ನೆಲೆಯಿಂದ ನಮ್ಮ ವಾಯುಪಡೆಯ 1ನೆಯ ದಳದ ಮಿಸ್ಟೇರ್ ವಿಮಾನಗಳು, ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ನೇತೃತ್ವದಲ್ಲಿ, ಶತ್ರುವಿನ ಸರಗೋಧಾ ನೆಲೆಯ ಮೇಲೆ ಬಾಂಬಿನ ದಾಳಿಗೆಂದು ಹೊರಟವು. ಸರಗೋಧಾ ಎಂದರೆ ಪಾಕಿಸ್ತಾನದ ವಾಯುಬಲದ ಹೃದಯಸ್ಥಾನ. ಹೋಗಿ ಬರುವುದಕ್ಕಷ್ಟೇ ಸಾಲುವ ಇಂಧನ. ದಾರಿಯಲ್ಲಿ ನಿಂತು ಕಾದುವುದಕ್ಕೆ ಆಸ್ಪದವಿಲ್ಲ. ಈ ಕಾರ್ಯಕ್ಕೆ ಹನ್ನೆರಡು ವಿಮಾನಗಳು ನೇಮಕವಾಗಿದ್ದವು. ಅವುಗಳಲ್ಲಿ ಯಾವುದಾದರೂ ಹಿಂದುಳಿದರೆ ಆ ಸ್ಥಾನವನ್ನು ತುಂಬುವುದಕ್ಕೆಂದು ಕಾದಿರಿಸಿದ್ದವರಲ್ಲಿ ಒಬ್ಬರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು. ಯುದ್ಧ ಮೊದಲಾಗುವವರೆಗೆ ತರುಣರಿಗೆ ವಿಮಾನವಿದ್ಯೆಯನ್ನು ಕಲಿಸುತ್ತಿದ್ದ ಉಪಾಧ್ಯಾಯರು; ವಯಸ್ಸು 32. ಒಂದು ಸ್ಥಾನ ತೆರವಾಯಿತು, ದೇವಯ್ಯನವರು ಏರಿಹೋದರು.

ಹಾದಿಯಲ್ಲಿ ಅವರನ್ನು ಅಡ್ಡಗಟ್ಟಿದವರು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರು. ಅವರ ಸ್ಟಾರ್‌ಫೈಟರ್ ವಿಮಾನವು ಶಬ್ದದ ಇಮ್ಮಡಿ ವೇಗದ್ದು, ಆ ಕಾಲಕ್ಕೆ ಅಮೇರಿಕೆಯ ಅತ್ಯುತ್ತಮ ಯುದ್ಧವಿಮಾನಗಳಲ್ಲೊಂದು. ಮಿಸ್ಟೇರ್ ಅದರ ಮುಂದೆ ಎತ್ತಿನ ಬಂಡಿಯೆಂದರೂ ಸಲ್ಲುವುದು. ದೇವಯ್ಯನವರ ವಿಮಾನಕ್ಕೆ ಪೆಟ್ಟಾಯಿತು. ತಪ್ಪಿಸಿಕೊಳ್ಳುವ ಯತ್ನವನ್ನು ಬಿಟ್ಟು ಅವರು ಘಾತಗೊಂಡ ಆ ವಿಮಾನವನ್ನೇ ತಿರುಗಿಸಿ, ಬಲಿಷ್ಠನಾದ ವೈರಿಯನ್ನು ಎದುರಿಸಿ, ಗುಂಡಿನ ಮಳೆಗರೆದು ಸ್ಟಾರ್‌ಫೈಟರನ್ನು ಕೆಡವಿದರು. ಅಮ್ಜದರು ವಿಮಾನದಿಂದ ಹೊರಹಾರಿ ಬದುಕಿದರು. ದೇವಯ್ಯನವರು ಹಿಂದಿರುಗಲಿಲ್ಲ. ಅವರ ಶರೀರವನ್ನು ಅಲ್ಲಿಯ ಹಳ್ಳಿಗರೇ ಮಣ್ಣು ಮಾಡಿದರು.

ಈ ಸಂಗತಿಯು ಭಾರತದಲ್ಲಿ ಯಾರಿಗೂ ತಿಳಿಯಲಿಲ್ಲ. ಜೊತೆಯವರು ಮುಂದೆ ಸಾಗಿದ್ದರು. ಕಣ್ಣಾರೆ ಕಂಡವರಾರೂ ಇರಲಿಲ್ಲ. ದಫ್ತರದಲ್ಲಿ ಉಳಿದದ್ದು ದಾಳಿಗೆ ಹೋದವರು ಮರಳಲಿಲ್ಲವೆಂಬುದಿಷ್ಟೇ. ಹದಿನಾಲ್ಕು ವರ್ಷಗಳ ತರುವಾಯ, 1979ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಪಡೆಯ ಸಹಕಾರದಿಂದ ಬರೆದ ಗ್ರಂಥವು ಪ್ರಕಟವಾದಾಗ, ಮಿಸ್ಟೇರೊಂದು ಸ್ಟಾರ್‌ಫೈಟರನ್ನು ಕೆಡವಿದ ವಿಷಯವು ಬೆಳಕಿಗೆ ಬಂತು. ಅದನ್ನು ತಿಳಿದ ತನೇಜಾ ಅವರು ತಮ್ಮ ಸಹಯೋಧನಿಗಾಗಿ ಸರಕಾರಕ್ಕೆ ಬರೆದರು. 1988ರಲ್ಲಿ ದೇವಯ್ಯನವರಿಗೆ ಮಹಾವೀರಚಕ್ರವು ಘೋಷಿತವಾಯಿತು. ಪತ್ನಿ ಸುಂದರಿ ದೇವಯ್ಯನವರು ಅದನ್ನು ಸ್ವೀಕರಿಸಿದರು. ಮರಣಕ್ಕೂ ಮನ್ನಣೆಗೂ ನಡುವೆ 23 ವರ್ಷ! ಅದೂ ವೈರಿಯ ಪಕ್ಷದಿಂದ ಸಾಕ್ಷ್ಯ ದೊರೆತ ಮೇಲೆ. ಮಡಿಕೇರಿಯಲ್ಲಿ ಇಂದು ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಈ ದಾಳಿಯನ್ನಾಧರಿಸಿ ಹಿಂದಿ ಚಲಚ್ಚಿತ್ರವೂ ಬಂದುಹೋಯಿತು; ಅದರಲ್ಲಿ ನಾಯಕನ ಹೆಸರು ಬೇರೆಯೇ ಇದ್ದುದು ನಮಗೆ ರುಚಿಸಲಿಲ್ಲ.

ವಿಳಂಬಕ್ಕಾಗಿ ಯಾರನ್ನೂ ದೂಷಿಸುವುದು ನಮ್ಮ ಉದ್ದೇಶವಲ್ಲ. ವಾಚಕರು ಗಮನಿಸತಕ್ಕ ಮಾತೊಂದೇ: ಆ ಗ್ರಂಥವು ಹೊರಬಿದ್ದಾಗ ತನೇಜಾ ಅವರು ಬದುಕಿದ್ದರು. ಆ ನಸುಕಿನಲ್ಲಿ ಯಾರು ಏರಿಹೋದರು, ಯಾರು ಮರಳಲಿಲ್ಲವೆಂಬುದನ್ನು ಬಲ್ಲವರೂ, ಬಲ್ಲುದನ್ನು ಹೇಳಬೇಕೆಂಬ ಹಟವುಳ್ಳವರೂ ಆಗಿದ್ದರು. ಅಂಥವರೊಬ್ಬರು ಇಲ್ಲದೆ ಹೋಗಿದ್ದರೆ ಆ ಗ್ರಂಥದ ಒಂದು ಸಾಲಿಗೂ ಕೊಡಗಿನ ಒಂದು ಮನೆತನಕ್ಕೂ ಸಂಬಂಧ ಕಲ್ಪಿಸುವವರಾರಿದ್ದರು?

ಹೊರನಾಡಿನ ಉದಾಹರಣೆಯೊಂದನ್ನು ನೋಡೋಣ. 1942ರ ಏಪ್ರಿಲ್ 18ರಂದು ಜೇಮ್ಸ್ ಡೂಲಿಟಲರ ನಾಯಕತ್ವದಲ್ಲಿ ಅಮೇರಿಕೆಯ 80 ಜನ ಯೋಧರು 16 ವಿಮಾನಗಳಲ್ಲಿ ‘ಹಾರ್ನೆಟ್’ ನೌಕೆಯಿಂದ ಹಾರಿ ಟೋಕಿಯೋ ಮೊದಲಾದ ನಗರಗಳ ಮೇಲೆ ಬಾಂಬು ಹಾಕಿದರು. ಮರಳಿ ನೌಕೆಯ ಮೇಲೆ ಇಳಿಯುವಂತಿರಲಿಲ್ಲ. ಬಹುತೇಕ ವಿಮಾನಗಳು ಚೀನದಲ್ಲಿ ಹಾಳಾದವು. ಬದುಕಿ ಬಂದವರು ವರ್ಷಕ್ಕೊಮ್ಮೆ ಕೂಡುತ್ತಿದ್ದರು. 1959ರಲ್ಲಿ ಟೂಸಾನ್ ನಗರದವರು ಅವರಿಗೆ 80 ಬೆಳ್ಳಿಯ ಬಟ್ಟಲುಗಳನ್ನು ಅರ್ಪಿಸಿದರು. ಪ್ರತಿಯೊಂದರ ಮೇಲೂ ಒಬ್ಬೊಬ್ಬ ಯೋಧನ ಹೆಸರು, ಎರಡು ಸಲ ಕೊರೆದದ್ದು: ಬಟ್ಟಲು ನೆಟ್ಟಗಿದ್ದರೂ ಓದಬಹುದು, ಬೋರಲಿದ್ದರೂ ಓದಬಹುದು. ಒಬ್ಬನು ತೀರಿಕೊಂಡರೆ ಅವನ ಬಟ್ಟಲನ್ನು ಬೋರಲು ಹಾಕುವುದು ಅವರ ಸಂಪ್ರದಾಯ. 2013ರ ನವಂಬರದಲ್ಲಿ ಕೊನೆಯ ಕೂಟ ನಡೆದಾಗ ಉಳಿದಿದ್ದ ನಾಲ್ವರಲ್ಲಿ ಬರಲು ಶಕ್ತರಾದವರು ಮೂವರು. ಅಷ್ಟು ಸಿರಿವಂತ ದೇಶವೂ ತನ್ನ ಸಂಸತ್ತಿನ ಸುವರ್ಣಪದಕವನ್ನು ಕೈಗೆ ಕೊಟ್ಟದ್ದು 2015ರಲ್ಲಿ. ಆಗ 80 ಜನರಲ್ಲಿ ಇಬ್ಬರೇ ಜೀವಂತರು. ಕಡೆಯವರಾದ ರಿಚರ್ಡ್ ಕೋಲರು 2019ರಲ್ಲಿ, 103ನೆಯ ವಯಸ್ಸಿನಲ್ಲಿ, ಕಾಲವಾದರು. (ಆ ಯೋಧರನ್ನು ಅಡಗಿಸಿಟ್ಟು ಕಾಪಾಡಿದ ಅಪರಾಧಕ್ಕಾಗಿ ಜಪಾನೀ ಸೈನ್ಯದ ಕತ್ತಿಗೆ ಆಹುತಿಯಾದ ಚೀನದ ಅಸಂಖ್ಯ ರೈತರಿಗೆ ಬೆಳ್ಳಿಯ ಬಟ್ಟಲನ್ನು ಯಾರೂ ಮಾಡಿಸಲಿಲ್ಲವೆಂಬುದನ್ನೂ ಮರೆಯಲಾಗದು.) ಪದಕ ತಡವಾದರೂ ಹೆಸರುಗಳು ಮಾತ್ರ ಕಳೆದುಹೋಗಲಿಲ್ಲ. ಎಂಬತ್ತರಲ್ಲಿ ಒಂದೂ ಕಳೆಯಲಿಲ್ಲ.

ಇನ್ನು ನಮ್ಮ ಊರಿನ ಮಾತು. ವಿಜಯಪುರದಲ್ಲಿ ಸೈನಿಕ ಶಾಲೆಯು 1963ರ ಸಪ್ಟಂಬರದಲ್ಲಿ ಸ್ಥಾಪಿತವಾಯಿತು. ದೇವಯ್ಯನವರು ಸರಗೋಧೆಗೆ ಹಾರಿದಾಗ ಅದಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಅಂದಿನಿಂದ ಅಲ್ಲಿ ಕಲಿತು ಭೂಸೇನೆ, ನೌಕಾಸೇನೆ, ವಾಯುಸೇನೆಗಳನ್ನು ಸೇರಿದವರು ಅನೇಕರು. ನೆರೆಯ ಬೆಳಗಾವಿಯ ಮರಾಠಾ ಪದಾತಿ ಕೇಂದ್ರಕ್ಕೂ, ಸಾಂಬ್ರಾದ ವಾಯುಪಡೆಯ ತರಬೇತಿ ಶಾಲೆಗೂ ಈ ಭಾಗದ ರೈತರ ಮಕ್ಕಳು ಹೋಗಿದ್ದಾರೆ. 1965ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತನ್ನು ಮುಟ್ಟಿ ದಾಟಿದ್ದಾರೆ. 1971ರ ಯುದ್ಧವನ್ನು ಕಂಡವರೂ ಎಪ್ಪತ್ತರ ಗಡಿಯನ್ನು ದಾಟಿದವರೇ. ತಿಕೋಟಾದ ದ್ರಾಕ್ಷಿಯ ತೋಟಗಳಲ್ಲಿ, ಬಬಲೇಶ್ವರದ ಕರಿಯ ನೆಲದ ಹೊಲಗಳಲ್ಲಿ, ನಮ್ಮ ನಗರದ ಓಣಿಗಳಲ್ಲಿ ಇಂಥ ಹಿರಿಯರು ಮೌನವಾಗಿ ಕಾಲ ಕಳೆಯುತ್ತಿದ್ದಾರೆ.

ಅವರಿಗೆ ನಾವು ಮಾಡುವ ಸನ್ಮಾನವಾದರೂ ಎಂಥದು? ಆಗಸ್ಟ್ 15ಕ್ಕೊಮ್ಮೆ ಬಿಸಿಲಿನಲ್ಲಿ ಕೂಡ್ರಿಸಿ, ಮುಖ್ಯ ಅತಿಥಿಗಳು ಬರುವ ತನಕ ಕಾಯಿಸಿ, ಒಂದು ಶಾಲು, ಒಂದು ಹಾರ, ಎರಡು ಹಣ್ಣು. ಭಾಷಣವನ್ನು ಅತಿಥಿಗಳು ಮಾಡುವರು. ಮುದುಕನಾದ ಯೋಧನು ಒಂದು ಮಾತನ್ನೂ ಆಡದೆ ಮನೆಗೆ ಮರಳುವನು. “ತಾತಾ, ನೀವು ಆ ಯುದ್ಧದಲ್ಲಿ ಎಲ್ಲಿದ್ದಿರಿ? ಏನು ಕಂಡಿರಿ?” ಎಂದು ಯಾವ ಪುಢಾರಿಯೂ ಕೇಳುವುದಿಲ್ಲ.

ವಿಮಾನ ನಡೆಸಿದವರ ಹೆಸರಾದರೂ ಒಂದಿಲ್ಲೊಂದು ದಿನ ಗ್ರಂಥಗಳಲ್ಲಿ ಸಿಕ್ಕೀತು. ಆ ರಾತ್ರಿ ಕತ್ತಲಲ್ಲಿ ನಿಂತು ಆ ವಿಮಾನಗಳಿಗೆ ಬಾಂಬು ಏರಿಸಿದವರು, ಇಂಧನ ತುಂಬಿದವರು, ಇಂಜಿನನ್ನು ಪರೀಕ್ಷಿಸಿದವರು ಯಾರು? ಹೊರಟ ವಿಮಾನಗಳನ್ನು ಎಣಿಸಿ, ಮರಳಿದವುಗಳನ್ನು ಮತ್ತೆ ಎಣಿಸಿ, ಒಂದು ಕಡಿಮೆಯಾದುದನ್ನು ಕಂಡವರು ಯಾರು? ದಾಳಿಯೆಂಬುದು ಏರಿಹೋದವರೊಬ್ಬರದೇ ಸಾಹಸವಲ್ಲ. ನಮ್ಮ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನೇ ನೋಡಿರಿ. 1549ರಲ್ಲಿ ಅದನ್ನು ಎರಕ ಹೊಯ್ದವನ ಹೆಸರು ತೋಪಿನ ಮೇಲೆಯೇ ಇದೆ. ಅದಕ್ಕೆ ಮದ್ದು ತುಂಬಿ ಬತ್ತಿಯಿಟ್ಟ ತೋಪಚಿಯ ಹೆಸರು ಯಾರಿಗೂ ತಿಳಿಯದು. ನಾನೂರು ವರ್ಷಗಳ ಹಿಂದಿನವರಿಗೆ ಕಾಗದ ಲೇಖನಿಗಳು ದುರ್ಲಭವಾಗಿದ್ದವೆನ್ನಬಹುದು. ಕಿಸೆಕಿಸೆಯಲ್ಲಿಯೂ ಧ್ವನಿಮುದ್ರಣದ ಯಂತ್ರವನ್ನಿಟ್ಟುಕೊಂಡು ತಿರುಗುವ ನಮಗೆ ಆ ನೆಪವೂ ಇಲ್ಲ.

ಸೈನ್ಯದ ದಫ್ತರದಲ್ಲಿ ಎಲ್ಲವೂ ದಾಖಲಾಗಿರುತ್ತದೆಂದು ಅಧಿಕಾರಿವರ್ಗದವರು ಹೇಳಬಹುದು. ದೇವಯ್ಯನವರ ವಿಷಯದಲ್ಲಿ ದಫ್ತರವು ಎಷ್ಟನ್ನು ಬಲ್ಲುದಾಗಿತ್ತೆಂಬುದನ್ನು ಮೇಲೆಯೇ ಹೇಳಿದೆವು. ಸೇವಾಪುಸ್ತಕದಲ್ಲಿ ಊರು, ತಾರೀಖು, ದರ್ಜೆಗಳಿರುತ್ತವೆ. ಭಯವೂ ಹಸಿವೂ ಜೊತೆಗಾರನ ಕೊನೆಯ ಮಾತೂ ಇರುವುದಿಲ್ಲ.

ಆದುದರಿಂದ ಸೈನಿಕ ಕಲ್ಯಾಣ ಇಲಾಖೆಯವರಲ್ಲಿಯೂ, ತಿಕೋಟಾ ಬಬಲೇಶ್ವರಗಳ ತಹಸೀಲದಾರರಲ್ಲಿಯೂ ನಮ್ಮ ಆಗ್ರಹಪೂರ್ವಕವಾದ ವಿನಂತಿಯೇನೆಂದರೆ, 1965 ಮತ್ತು 1971ರ ಯುದ್ಧಗಳಲ್ಲಿ ಸೇವೆ ಸಲ್ಲಿಸಿದ ಹಿರಿಯರ ಯಾದಿಯನ್ನು ಗ್ರಾಮಗ್ರಾಮವಾಗಿ ಸಿದ್ಧಪಡಿಸಬೇಕು. ಅಡಿಗೆಯವರು, ಚಾಲಕರು, ಕಮ್ಮಾರರು, ಯಾರನ್ನೂ ಬಿಡಬಾರದು. ಪತಿಯನ್ನು ಕಳೆದುಕೊಂಡ ತಾಯಂದಿರು ಹೇಳುವುದನ್ನೂ ಕೇಳಿಕೊಳ್ಳಬೇಕು, ಏಕೆಂದರೆ ರಣದಿಂದ ಬಂದ ಪತ್ರಗಳು ಅವರ ಪೆಟ್ಟಿಗೆಯಲ್ಲಿಯೇ ಇವೆ. ಸೈನಿಕ ಶಾಲೆಯ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ಇಬ್ಬಿಬ್ಬರಾಗಿ ಒಂದೊಂದು ಮನೆಗೆ ಹೋಗಿ, ಹಿರಿಯರು ಆಡಿದಂತೆಯೇ, ಅವರ ನುಡಿಯಲ್ಲಿಯೇ ಬರೆದುಕೊಳ್ಳಲಿ. ತಿದ್ದಿ ಅಲಂಕರಿಸುವುದು ಬೇಡ. ಶಾಲು ಹೊದಿಸುವುದಿದ್ದರೆ ತಹಸೀಲದಾರರೇ ಅವರ ಕಟ್ಟೆಯ ವರೆಗೆ ಹೋಗಿ ಹೊದಿಸಲಿ. ಎಂಬತ್ತರ ಮೊಣಕಾಲುಗಳಿಗೆ ವೇದಿಕೆಯ ಮೆಟ್ಟಿಲನ್ನು ಹತ್ತುವ ಶಿಕ್ಷೆಯೇಕೆ?

ಬರೆದುದರ ಒಂದು ಪ್ರತಿ ಆ ಮನೆಯವರಿಗೆ, ಒಂದು ಪ್ರತಿ ನಗರದ ಗ್ರಂಥಾಲಯಕ್ಕೆ ಸಲ್ಲತಕ್ಕದ್ದು. ಮೂರನೆಯದನ್ನು ನಮಗೆ ಕಳಿಸಿದರೆ ವಾರಕ್ಕೊಂದರಂತೆ ಈ ಪತ್ರಿಕೆಯಲ್ಲಿ ಪ್ರಕಟಿಸುವೆವು. ಹೆಸರಿನ ಅಕ್ಷರಗಳನ್ನು ಮಾತ್ರ ಮನೆಯವರಿಗೆ ಓದಿ ತೋರಿಸಿ, ಸರಿಯೆಂದು ಅವರು ಹೇಳಿದ ಮೇಲೆಯೇ ಕಳಿಸಬೇಕು.